ಸಣ್ಣವ್ವನ ಖಾಲಿ ಖಾನೆ

ಶಹಾಪುರದ ಕಾಲುವೆ ಕಚೇರಿಯ ಹಿಂದಿನ ಕೋಣೆಗೆ ಒಂದೇ ಕಿಟಕಿ. ಕಿಟಕಿಯಾಚೆ ಕಾಲುವೆಯ ಸಣ್ಣ ಕವಲೊಂದು ಹರಿಯುತ್ತಿತ್ತು. ನೀರು ಬಿಟ್ಟ ದಿನಗಳಲ್ಲಿ ಬಿಸಿಲು ಅದರ ಮೇಲೆ ಬಿದ್ದು, ಒಡೆದು, ನಮ್ಮ ಛಾವಣಿಗೆ ಬಂದು ಅಂಟಿಕೊಂಡು ನಡುಗುತ್ತಿತ್ತು. ಸ್ವಲ್ಪ ಹೊತ್ತಿಗೆ ಅದೇ ಬೆಳಕು ಗೋಡೆಯಿಂದ ಇಳಿದು ನನ್ನ ಕಂಪ್ಯೂಟರಿನ ಪರದೆಯ ಮೇಲೂ ಓಡಾಡುತ್ತಿತ್ತು. ನಾನು ಬರೆದಿಟ್ಟ ಅರ್ಜಿಯ ಖಾನೆ, ಚೌಕ, ಸುತ್ತುಗಳೆಲ್ಲ ನೀರಿನೊಳಗೆ ಮುಳುಗಿದಂತೆ ಅಲ್ಲಾಡುತ್ತಿದ್ದವು. ಈಗಲೂ ಎಲ್ಲಾದರೂ ಅರ್ಜಿ ತುಂಬಲು ಕೂತರೆ ನನಗೆ ಮೊದಲು ಕಾಣುವುದು ಆ ನೀರಿನ ಬೆಳಕು, ಆಮೇಲೆ ಅಕ್ಷರ.

ಆ ಕಚೇರಿಯಲ್ಲಿ ನಾನು ದಿನಗೂಲಿಯವಳು. ಅಪ್ಪ ವನದುರ್ಗದ ಶಾಲೆಯಲ್ಲಿ ಮಾಸ್ತರರು. ಟೈಪಿಂಗ್ ಕಲಿತು ಬಾ ಎಂದು ಅವರು ನನ್ನನ್ನು ಯಾದಗಿರಿಯ ಬಸ್ಸು ಹತ್ತಿಸಿದರೆ, ನಾನು ಟೈಪಿಂಗ್ ಜೊತೆಗೆ ವೆಬ್ ಪುಟ ಬರೆಯುವುದನ್ನೂ ಕಲಿತು ಬಂದೆ. ನಮ್ಮ ಕಡೆ ಆಗ ಇಂಟರ್ನೆಟ್ ಎಂದರೆ ಯಾದಗಿರಿಯ ಸ್ಟೇಷನ್ ರಸ್ತೆಯ ಒಂದು ಸಣ್ಣ ಅಂಗಡಿ. ಮೂರು ಕಂಪ್ಯೂಟರು, ಒಂದು ಫ್ಯಾನು, ಫ್ಯಾನು ಸದಾ ಮಾಲೀಕನ ಕಡೆಗೆ ಮುಖ ಮಾಡಿರುತ್ತಿತ್ತು. ಕಚೇರಿಯ ಕಾಗದದ ಅರ್ಜಿಗಳನ್ನು ಕಂಪ್ಯೂಟರಿನ ಪುಟ ಮಾಡಿಕೊಡುವವರು ಬೇಕಾಗಿತ್ತು, ನಾನು ಸಿಕ್ಕೆ. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತಿತ್ತು. ಆದರೂ ಬೇರೆ ಯಾರಿಗೂ ಆ ಕೆಲಸ ಬರುತ್ತಿರಲಿಲ್ಲವಾದ್ದರಿಂದ ಎಲ್ಲರೂ ಅದನ್ನು ಹೊಟ್ಟೆಗೆ ಹಾಕಿಕೊಂಡಿದ್ದರು.

ಅಂಥ ಪುಟಗಳನ್ನು ಹೇಗೆ ಬರೆಯಬೇಕು, ಬರೆದದ್ದನ್ನು ಬ್ರೌಸರು ಹೇಗೆ ತೋರಿಸಬೇಕು ಎಂಬುದಕ್ಕೆ ನಿಯಮಗಳಿದ್ದವು. ಯಾವ ಯಾವ ದೇಶದವರೋ ಸೇರಿ ಬರೆದ ನಿಯಮಗಳು. ಅರ್ಜಿಯ ಖಾನೆಗಳ ಕುರಿತು ಇದ್ದ ಭಾಗವನ್ನು ನಾನು ಆ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ, ದಾರ ಪೋಣಿಸಿ, ಪುಸ್ತಕದಂತೆ ಇಟ್ಟುಕೊಂಡಿದ್ದೆ. ಊಟದ ಹೊತ್ತಿನಲ್ಲಿ ರೊಟ್ಟಿ ಮುರಿಯುತ್ತ ಅದನ್ನೇ ಓದುತ್ತಿದ್ದೆ. ಮುಚ್ಚಿಟ್ಟ ಖಾನೆಯಲ್ಲಿ ಏನೇ ಬರೆದಿದ್ದರೂ ಅದು ಅರ್ಜಿಯ ಜೊತೆ ಹೋಗುವುದಿಲ್ಲ. ಓದಲಷ್ಟೇ ಬಿಟ್ಟ ಖಾನೆಯಲ್ಲಿದ್ದದ್ದು ಹೋಗುತ್ತದೆ, ಆದರೆ ಅದನ್ನು ತಿದ್ದಲು ಬರುವುದಿಲ್ಲ. ನಮ್ಮಪ್ಪ ಈ ಎರಡನೆಯ ಜಾತಿ ಎಂದು ಅವ್ವನಿಗೆ ಹೇಳಿದ್ದೆ. ಅವ್ವ ಒಂದು ವಾರ ಅದನ್ನು ನೆನೆದು ನೆನೆದು ನಕ್ಕಿದ್ದಳು.

ನನ್ನನ್ನು ಹೆಚ್ಚು ಕಾಡಿದ್ದು ಸುತ್ತುಗಳ ನಿಯಮ. ಹಲವು ಉತ್ತರಗಳಲ್ಲಿ ಒಂದನ್ನೇ ಆರಿಸಬೇಕಾದಾಗ ಪುಟದಲ್ಲಿ ಸಣ್ಣ ಸಣ್ಣ ಸುತ್ತುಗಳನ್ನು ಇಡುತ್ತೇವೆ. ಒತ್ತಿದ ಸುತ್ತಿನ ನಡುವೆ ಒಂದು ಚುಕ್ಕಿ ಬೀಳುತ್ತದೆ. ಅವನ್ನು ರೇಡಿಯೋ ಬಟನ್ ಎನ್ನುತ್ತಾರೆ. ಹಿಂದಿನ ಕಾಲದ ರೇಡಿಯೋದಲ್ಲಿ ಒಂದು ಗುಂಡಿ ಒತ್ತಿದರೆ ಒಳಗಿದ್ದ ಇನ್ನೊಂದು ಟಕ್ಕೆಂದು ಹೊರಗೆ ಬರುತ್ತಿತ್ತಲ್ಲ, ಇದೂ ಹಾಗೆ. ಎರಡು ಒಟ್ಟಿಗೆ ಒಳಗಿರುವಂತಿಲ್ಲ. ಆದರೆ ಯಾರೂ ಯಾವುದನ್ನೂ ಒತ್ತದಿದ್ದರೆ? ಎಲ್ಲ ಸುತ್ತುಗಳೂ ಖಾಲಿಯೇ ಇರಬಹುದೇ? ನನ್ನ ಕಾಗದದ ಕಟ್ಟಿನಲ್ಲಿ ಆ ಸಾಲು ಎರಡು ಅರ್ಥಕ್ಕೆ ಎಡೆ ಕೊಡುವಂತೆ ಇತ್ತು. ನನ್ನ ಕಂಪ್ಯೂಟರಿನಲ್ಲಿ ಖಾಲಿ ಬಿಟ್ಟರೆ ಖಾಲಿಯೇ ಇರುತ್ತಿತ್ತು. ಅಷ್ಟು ನೋಡಿ ನಾನು ಮುಂದಕ್ಕೆ ಹೋದೆ.

ಸಣ್ಣವ್ವನ ವಿಷಯ ಇಲ್ಲಿ ಹೇಳಬೇಕು. ಅವಳು ನಮ್ಮವ್ವನ ತಂಗಿ. ಶಹಾಪುರದಿಂದ ಸುರಪುರಕ್ಕೆ ಹೋಗುವ ದಾರಿಯಲ್ಲಿ ಇಳಿದು, ಹೊಲದ ಬದುವಿನ ಮೇಲೆ ಅರ್ಧ ತಾಸು ನಡೆದರೆ ಅವಳ ಊರು. ಅವಳ ಗಂಡ ಕಾಲುವೆಗೆ ಅಡ್ಡ ಬಂದ ಬಂಡೆಗಳಿಗೆ ತೂತು ಕೊರೆಯುವ ತಂಡದಲ್ಲಿದ್ದ. ಮೊದಮೊದಲು ಮನೆಯಿಂದಲೇ ಹೋಗಿ ಬರುತ್ತಿದ್ದ. ಅಗೆತ ಮುಂದೆ ಸಾಗಿದಂತೆ ಕ್ಯಾಂಪೂ ಮುಂದೆ ಸಾಗಿತು, ಅವನೂ ಸಾಗಿದ. ವಾರಕ್ಕೊಮ್ಮೆ ಬರುತ್ತಿದ್ದವನು ಅಮಾವಾಸ್ಯೆಗೊಮ್ಮೆ ಬಂದ, ಆಮೇಲೆ ಹಬ್ಬಕ್ಕೊಮ್ಮೆ ಬಂದ. ಆಮೇಲೆ ಅವನ ಬದಲು ನೀರು ಬಂತು.

ಜಗಳ ಆಡಿದ್ದಿಲ್ಲ, ಕುಡಿದದ್ದಿಲ್ಲ, ಇನ್ನೊಬ್ಬಳ ಸುದ್ದಿಯೂ ಇಲ್ಲ. ಕಕ್ಕೇರಾ ಸಂತೆಯಲ್ಲಿ ಕೌದಿ ಕೊಳ್ಳುತ್ತಿದ್ದ ಎಂದು ಒಬ್ಬರು, ತಿಂಥಣಿಯಲ್ಲಿ ಹೊಳೆ ದಾಟುವವರ ಗುಂಪಿನಲ್ಲಿ ಕಂಡ ಎಂದು ಇನ್ನೊಬ್ಬರು ಹೇಳಿದರು. ಸಣ್ಣವ್ವ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು. "ಕಾಲುವಿ ಮುಗೀಲಿ, ಬರ್ತಾನ," ಎನ್ನುತ್ತಿದ್ದಳು. ಕಾಲುವೆ ಮುಗಿಯುವ ಜಾತಿಯದ್ದಲ್ಲ ಎಂಬುದು ಆ ಕಚೇರಿಯಲ್ಲಿ ಕೂತ ನನಗೆ ಚೆನ್ನಾಗಿ ಗೊತ್ತಿತ್ತು. ಒಂದು ಕವಲು ಮುಗಿದರೆ ಇನ್ನೊಂದು ಕವಲು, ಅದು ಮುಗಿದರೆ ಮೊದಲಿನದರ ದುರಸ್ತಿ. ನಾನು ಅದನ್ನು ಅವಳಿಗೆ ಎಂದೂ ಹೇಳಲಿಲ್ಲ.

ನೀರು ಬಂದ ಮೇಲೆ ಊರು ಹಸಿರಾಯಿತು. ಜೋಳದ ಹೊಲಗಳು ಭತ್ತದ ಗದ್ದೆಗಳಾದವು. ಆದರೆ ಕಾಲುವೆ ಎತ್ತರದಲ್ಲಿ, ಸಣ್ಣವ್ವನ ಓಣಿ ತಗ್ಗಿನಲ್ಲಿ. ಬಸಿದ ನೀರು ನೆಲದಡಿಯಿಂದ ಬಂದು ಮಣ್ಣಿನ ಗೋಡೆಗಳನ್ನು ಏರತೊಡಗಿತು. ಮೊದಲ ವರ್ಷ ಮೊಣಕಾಲಿನವರೆಗೆ ತೇವ, ಆಮೇಲೆ ಸೊಂಟದವರೆಗೆ. ಅವಳ ಮನೆಯ ಒಳಗೆ ಸದಾ ಹೊಸ ಮಡಕೆಯ ವಾಸನೆ. ಬೇಸಿಗೆಯ ಮಧ್ಯಾಹ್ನ ಅಲ್ಲಿ ಮಲಗಿದರೆ ಕಿವಿಯ ಕೆಳಗೆ ಎಲ್ಲೋ ನೀರು ಮಾತಾಡಿದ ಹಾಗೆ ಕೇಳುತ್ತಿತ್ತು, ನನಗೆ ಅಲ್ಲಿ ಬರುತ್ತಿದ್ದಂಥ ನಿದ್ದೆ ಬೇರೆಲ್ಲೂ ಬಂದಿಲ್ಲ. ಒಂದು ಮಳೆಗಾಲದಲ್ಲಿ ಹಿತ್ತಿಲ ಗೋಡೆ ಸದ್ದಿಲ್ಲದೆ ಕೂತುಬಿಟ್ಟಿತು. ಅವಳು ಗೋಣಿಚೀಲ ಕಟ್ಟಿ ಬದುಕು ಮುಂದುವರಿಸಿದಳು.

ಹೀಗೆ ಮನೆ ಹಾಳಾದವರಿಗೆ ಊರ ಮೇಲಿನ ದಿನ್ನೆಯಲ್ಲಿ ಜಾಗ ಕೊಡುತ್ತೇವೆ, ಅರ್ಜಿ ಹಾಕಿ ಎಂದು ನಮ್ಮ ಕಚೇರಿ ಹೇಳಿತು. ಸಣ್ಣವ್ವನ ಅರ್ಜಿ ತುಂಬಿದವಳು ನಾನೇ. ಗೋಣಿಚೀಲದ ಗೋಡೆಯ ಪಕ್ಕ, ಕಾಲು ಒದ್ದೆಯಾಗದಂತೆ ಮಣೆಯ ಮೇಲೆ ಕೂತಿದ್ದೆ. ಊರು, ಓಣಿ, ಹಾಳಾದ ಗೋಡೆ ಎಲ್ಲ ಸರಾಗವಾಗಿ ಆಯಿತು. ಹೆಂಗಸರ ಹೆಸರಿನ ಅರ್ಜಿಯಾದರೆ ತುಂಬಬೇಕಾದ ಒಂದು ಖಾನೆ ಬಂತು: ವಿಧವೆ, ವಿವಾಹಿತೆ, ಅವಿವಾಹಿತೆ. ವಿಧವೆಯರಿಗೆ ಮೊದಲು ಜಾಗ ಎಂಬ ಕಾರಣಕ್ಕೆ ಆ ಪದವೇ ಮೊದಲು. ಅದಕ್ಕೆ ಊರಿನ ಐದು ಜನರ ಸಹಿ ಸಾಕು. ವಿವಾಹಿತೆ ಎಂದರೆ ಗಂಡನ ಸಹಿ, ಗಂಡನ ಫೋಟೋ ಬೇಕು.

"ಓಣ್ಯಾಗ ಎಲ್ಲಾರೂ ಸಹಿ ಮಾಡಾಕ ತಯಾರ ಅದಾರ," ಎಂದಳು ಸಣ್ಣವ್ವ. "ರಂಡಿ ಅಂತ ಬರಸು, ಲಗೂನ ಜಾಗಾ ಸಿಗ್ತದ ಅಂತಾರ."

"ನೀ ಏನಂತಿ?"

ಅವಳು ನನ್ನ ಕೈಯಲ್ಲಿದ್ದ ಕಾಗದ ನೋಡಿದಳು. "ಅಲ್ಲಿ ಕೆಳಗ ಸಣ್ಣ ಅಕ್ಷರದಾಗ ಏನ ಬರದಾರ?"

ಓದಿ ಹೇಳಿದೆ: ಅನ್ವಯಿಸದೆ ಇರುವುದನ್ನು ಹೊಡೆದು ಹಾಕಿ. ಅಂದರೆ ನಿನಗೆ ಸಂಬಂಧ ಇಲ್ಲದ್ದನ್ನು ಗೀಟು ಹಾಕಿ ಅಳಿಸು ಎಂದು.

"ಹಂಗಾದ್ರ ಮೂರೂ ಹೊಡಿ," ಎಂದಳು. "ಗಂಡ ಸತ್ತಾನ ಅನ್ನಾಕ ನಾ ಹೆಣಾ ನೋಡಿಲ್ಲ. ಅದಾನ ಅನ್ನಾಕ ಮಾರಿ ನೋಡಿಲ್ಲ. ಮದಿವ್ಯಾಗಿಲ್ಲ ಅಂದ್ರ ನಿಮ್ಮವ್ವನ ನಕ್ಕಾಳು."

ನಾನು ಮೂರನ್ನೂ ಹೊಡೆದೆ. ಮೂರು ಗೀಟು, ಅಡಿಪಟ್ಟಿ ಇಟ್ಟು ಎಳೆದದ್ದು. ಕೆಳಗೆ ಅವಳು ಸಹಿ ಮಾಡಿದಳು. ಅವಳಿಗೆ ಬರುತ್ತಿದ್ದ ಅಕ್ಷರ ಅಷ್ಟೇ.

ಅರ್ಜಿಗಳೆಲ್ಲ ಕಚೇರಿಗೆ ಬಂದವು. ಅವನ್ನು ಕಂಪ್ಯೂಟರಿಗೆ ಏರಿಸುವ ಪುಟ ನಾನೇ ಬರೆದಿದ್ದೆ. ಈ ಖಾನೆಗೆ ಮೂರು ಸುತ್ತು. ಯಾವುದನ್ನೂ ಮೊದಲೇ ಒತ್ತಿಟ್ಟಿರಲಿಲ್ಲ. ಒಬ್ಬರ ಬಾಯಿಗೆ ಉತ್ತರ ತುರುಕುವುದು ತಪ್ಪು ಎಂಬ ನನ್ನ ದೊಡ್ಡ ಆದರ್ಶ. ಅರ್ಧ ಅರ್ಜಿಗಳನ್ನು ನಾನು ಏರಿಸಿದೆ, ಉಳಿದರ್ಧ ಮುಂದಿನ ಕೋಣೆಯ ಗುಮಾಸ್ತರಿಗೆ ಹೋಯಿತು. ನಿವೃತ್ತಿಗೆ ಹತ್ತಿರ ಬಂದಿದ್ದ ಆ ಗುಮಾಸ್ತರು ಟೈಪ್‌ರೈಟರ್ ಕಾಲದವರು. ಕೀಲಿಗಳನ್ನು ಇಡೀ ಕಚೇರಿಗೆ ಕೇಳುವಂತೆ ಒತ್ತುತ್ತಿದ್ದರು. ಹೇಳಿದ್ದನ್ನು ಕೂದಲೆಳೆಯೂ ಆಚೀಚೆ ಆಗದಂತೆ ಮಾಡುವ ಮನುಷ್ಯ. "ಮೂರೂ ಹೊಡೆದಿದ್ರ ಆ ಸುತ್ತು ಮುಟ್ಟಬ್ಯಾಡ್ರಿ, ಹಂಗೇ ಬಿಡ್ರಿ," ಎಂದು ಹೇಳಿದ್ದೆ. ಅವರು ಅದನ್ನು ಚೀಟಿಯಲ್ಲಿ ಬರೆದು ಕಂಪ್ಯೂಟರಿಗೆ ಅಂಟಿಸಿಕೊಂಡರು. ಸಣ್ಣವ್ವನ ಅರ್ಜಿ ಅವರ ಪಾಲಿಗೆ ಬಂದಿತ್ತು.

ಪಟ್ಟಿ ಅಚ್ಚಾಗಿ ಊರೂರಿಗೆ ಹೋಯಿತು. ಸಣ್ಣವ್ವನ ಊರಿನ ಚಾವಡಿಯಲ್ಲಿ ಅದನ್ನು ಅಂಟಿಸುವ ಮೊದಲು ಗಟ್ಟಿಯಾಗಿ ಓದುವುದು ಪದ್ಧತಿ. ಓದಿದರು. ಸಣ್ಣವ್ವನ ಹೆಸರು ಬಂತು, ಅದರ ಮುಂದೆ ವಿಧವೆ ಎಂದು ಬಂತು.

ಆಮೇಲೆ ಆದದ್ದನ್ನು ನಾನು ಕಣ್ಣಾರೆ ನೋಡಲಿಲ್ಲ, ಸಣ್ಣವ್ವನಿಂದಲೇ ಕೇಳಿದ್ದು. ಆದರೆ ಎಷ್ಟು ಸಲ ಕೇಳಿದ್ದೇನೆಂದರೆ, ಈಗ ಆ ಅಂಗಳದಲ್ಲಿ ನಾನೂ ನಿಂತಿದ್ದೆ ಎನಿಸುತ್ತದೆ. ಇಳಿಹೊತ್ತು. ಅವಳು ಬಾಗಿಲಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದಳು. ಓಣಿಯ ತಿರುವಿನಿಂದ ಹೆಂಗಸರ ಅಳು ಕೇಳಿತು. ಮುಂದೆ ಆಯಿ, ಹಿಂದೆ ಹತ್ತಾರು ಹೆಂಗಸರು. ಆಯಿ ಎಂದರೆ ಓಣಿಯ ಹಿರಿಯ ಮುದುಕಿ. ಅಲ್ಲಿ ಯಾರ ಗಂಡ ತೀರಿದರೂ ಬಳೆ ಒಡೆಯುವ ಕೆಲಸ ಆಕೆಯದು. ಅವರೆಲ್ಲ ಬಂದು ಸಣ್ಣವ್ವನ ಕೊರಳಿಗೆ ಬಿದ್ದು ಅಳತೊಡಗಿದರು. ನಮ್ಮವ್ವನಿಗೇ ಏನೋ ಆಗಿದೆ, ತನಗೆ ಹೇಳಲು ಬಂದಿದ್ದಾರೆ ಎಂದುಕೊಂಡಳು ಸಣ್ಣವ್ವ. ಅವಳೂ ಎದೆ ಬಡಿದುಕೊಂಡು ಅತ್ತಳು. ಅಳುವುದನ್ನು ನೋಡಿ, ಸುದ್ದಿ ಇವಳಿಗೆ ಮೊದಲೇ ಗೊತ್ತು ಎಂದು ಅವರು ಇನ್ನಷ್ಟು ಅತ್ತರು. ತುಂಬ ಹೊತ್ತಾದ ಮೇಲೆ ಸಣ್ಣವ್ವ ಸೆರಗಿನಿಂದ ಮೂಗು ಒರೆಸಿಕೊಂಡು, "ನಮ್ಮಕ್ಕಗ ಏನಾಗಿತ್ತ?" ಎಂದು ಕೇಳಿದಳು.

"ಅಕ್ಕಗ ಏನಾಗ್ಯಾದ? ನಿನ್ನ ಗಂಡ ಹೋಗ್ಯಾನಲ್ಲವಾ," ಎಂದಳು ಆಯಿ. "ನೀ ಮೂರೂ ಹೊಡಿಸಿದ್ದಿ, ಆದ್ರೂ ಕಾಲುವಿ ಆಫೀಸಿನ್ಯಾಗ ಬರದಾರ."

ಬೇರೆ ಯಾರು ಹೇಳಿದ್ದರೂ ಸಣ್ಣವ್ವ ನಂಬುತ್ತಿರಲಿಲ್ಲ. ಆದರೆ ಅವನು ಹೋದದ್ದು ಕಾಲುವೆಯ ಜೊತೆ. ಅವನು ಎಲ್ಲಿದ್ದಾನೆ, ಏನಾದ ಎಂಬುದು ಯಾರಿಗಾದರೂ ಗೊತ್ತಿದ್ದರೆ ಕಾಲುವೆಯವರಿಗೇ ಗೊತ್ತಿರಬೇಕು. ಆ ಕಚೇರಿಯಲ್ಲಿ ಬರೆದಿದ್ದಾರೆ ಎಂದರೆ ಅವಳ ಮಟ್ಟಿಗೆ ಅದು ಮುಗಿದ ಮಾತು. ಆಯಿ ಪದ್ಧತಿಯಂತೆ ತವರಿನಿಂದ ಹಸಿರು ಬಳೆ ತರಿಸಲು ಹೇಳಿದಳು. ಕಡೆಯ ಸಲ ತುಂಬ ಬಳೆ ಇಡಿಸಿ, ಆಮೇಲೆ ಒಡೆಯುವುದು. ಸಣ್ಣವ್ವ ಎರಡೂ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು.

"ನಾಳಿಗಿ," ಎಂದಳಂತೆ. "ನಾಳಿಗಿ ನಾ ಶಾಪೂರಕ್ಕ ಹೋಗಿ ಕೇಳಿ ಬರ್ತೀನಿ. ಆಮ್ಯಾಲೆ ಒಡೀರಿ."

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಬಂದಳು. ನಾನು ಇನ್ನೂ ಕಂಪ್ಯೂಟರಿನ ಮೇಲಿನ ಬಟ್ಟೆ ತೆಗೆಯುತ್ತಿದ್ದೆ. ಅವಳು ಕಿಟಕಿಯ ಹತ್ತಿರ ಬಂದು ನಿಂತಳು, ಕೂರಲಿಲ್ಲ. ಕಣ್ಣು ಉಬ್ಬಿದ್ದವು.

"ಎಲ್ಲಿ ಹೋದನವಾ ಅಂವಾ?" ಎಂದಳು. "ಯಾವ ಕ್ಯಾಂಪಿನ್ಯಾಗ? ಕಲ್ಲ ಸಿಡಿದಿತ್ತೇನ? ಬಾಜೂಕ ಯಾರರ ಇದ್ರೇನ?"

ನನಗೆ ಏನೂ ತಿಳಿಯಲಿಲ್ಲ. ಪಟ್ಟಿ ತೆಗೆದು ನೋಡಿದೆ. ಅವಳ ಹೆಸರಿನ ಮುಂದೆ ವಿಧವೆ ಎಂದಿತ್ತು. ಗುಮಾಸ್ತರ ಕೋಣೆಗೆ ಓಡಿದೆ. ನಾಲಿಗೆ ತುದಿಗೆ ಬಂದಿದ್ದ ಬೈಗುಳಗಳಿಗೆ ಲೆಕ್ಕವಿಲ್ಲ.

"ನೀವ ಮುಟ್ಟಬ್ಯಾಡ ಅಂದಿದ್ರಿ. ನಾ ಮುಟ್ಟಿಲ್ರಿ," ಎಂದು ಅವರು ಅಂಟಿಸಿದ ಚೀಟಿ ತೋರಿಸಿದರು. ಆಮೇಲೆ ನನ್ನೆದುರು ಹೊಸ ಪುಟ ತೆರೆದರು. ತೆರೆಯುತ್ತಲೇ, ಯಾರೂ ಮೌಸ್ ಮುಟ್ಟದೆ, ಮೊದಲ ಸುತ್ತಿನಲ್ಲಿ ಚುಕ್ಕಿ ಬಿದ್ದು ಕೂತಿತ್ತು. ವಿಧವೆ. ಅವರ ಕಂಪ್ಯೂಟರು ಹಳೆಯದು, ಅದರೊಳಗಿನ ಬ್ರೌಸರು ಇನ್ನೂ ಹಳೆಯದು. ಯಾರೂ ಆರಿಸದಿದ್ದರೆ ಮೊದಲಿನದನ್ನು ತಾನೇ ಒತ್ತಿಕೊಳ್ಳುವುದು ಅದರ ನಿಯಮ. ನಾನು ಮಾಡಿದ್ದೇ ಹಾಗೆ ಎಂದು ಗುಮಾಸ್ತರು ತಿಳಿದಿದ್ದರು. ಅವರನ್ನು ಬೈಯಲು ಏನೂ ಉಳಿಯಲಿಲ್ಲ. ಎರಡು ಅರ್ಥಕ್ಕೆ ಎಡೆಯಿದ್ದ ಸಾಲನ್ನು ಕಂಡೂ ಕಾಣದಂತೆ ದಾಟಿ ಹೋದವಳು ನಾನು.

ಹಿಂದಿರುಗಿ ಬಂದು ಸಣ್ಣವ್ವನ ಕೈ ಹಿಡಿದು ಕುರ್ಚಿಯ ಮೇಲೆ ಕೂರಿಸಿದೆ. "ಅಂವಾ ಸತ್ತಿಲ್ಲ ಸಣ್ಣವ್ವ. ಅಂದ್ರ, ನಮಗ ಯಾರಿಗೂ ಗೊತ್ತಿಲ್ಲ. ಮಷೀನು ತಾನಾ ಒತ್ತಿಬಿಟ್ಟದ. ನನ್ನ ತಪ್ಪು."

ಅವಳು ನನ್ನ ಮುಖವನ್ನೇ ನೋಡಿದಳು. ನಕ್ಕಳೋ ಅತ್ತಳೋ, ಎರಡೂ ಒಟ್ಟಿಗೇ ಆಯಿತು. "ಒಂದ ರಾತ್ರಿ ಸತ್ತಿದ್ನಲ್ಲವಾ ನನ ಪಾಲಿಗೆ," ಎಂದಳು. ಇಷ್ಟು ವರ್ಷಗಳ ಮೇಲೂ ಆ ಮಾತು ನೆನಪಾದರೆ ನನಗೆ ಕೂತಲ್ಲಿ ಕೂರಲಾಗುವುದಿಲ್ಲ.

ಆಮೇಲೆ ಅವಳು ಪರದೆಯತ್ತ ಬಾಗಿದಳು. ಕಿಟಕಿಯ ಬೆಳಕು ಅದರ ಮೇಲೆ ತೇಲುತ್ತಿತ್ತು. ಮೂರು ಖಾಲಿ ಸುತ್ತುಗಳನ್ನು ತೋರಿಸಿ, ನಿನ್ನ ಕೈಯಾರೆ ಒತ್ತುವುದಾದರೆ ಒತ್ತು ಎಂದೆ. ಅವಳು ಮೌಸ್ ಹಿಡಿದಳು. ಬಳೆಗಳು ಮೇಜಿಗೆ ತಾಗಿ ಸದ್ದಾಯಿತು. ಬಾಣದ ಗುರುತು ಸುತ್ತಿನಿಂದ ಸುತ್ತಿಗೆ ಅಲೆಯಿತು.

"ಒಮ್ಮಿ ಒತ್ತಿದ್ರ ಹಿಂದ ತಗೋಬೌದೇನ?" ಎಂದಳು.

"ಇಲ್ಲ. ಬ್ಯಾರೆದ್ದು ಒತ್ತಬೌದು. ಆದ್ರ ಒಮ್ಮಿ ಒಂದು ಒತ್ತಿದ್ರ ಮತ್ತ ಮೂರೂ ಖಾಲಿ ಆಗೂದಿಲ್ಲ."

ಅವಳು ಮೌಸ್ ಬಿಟ್ಟು ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಸುತ್ತುಗಳು ಹಾಗೆಯೇ ಉಳಿದವು. ಹೊರಗೆ ಯಾರೋ ಕಾಲುವೆಯಲ್ಲಿ ಎಮ್ಮೆಯ ಮೈ ತೊಳೆಯುತ್ತಿದ್ದರು.

ಸಾಹೇಬರ ಬಳಿ ಹೋದೆವು. ನಮ್ಮ ಸಾಹೇಬರು ಸುರಪುರದ ಕಡೆಯವರು, ಕೆಟ್ಟವರಲ್ಲ. ಕಾಗದದ ಮೇಲೆ ಇಲ್ಲದ್ದನ್ನು ಮಾಡಿದವರಲ್ಲ, ಅಷ್ಟೇ. ಎಲ್ಲ ಕೇಳಿ ಕನ್ನಡಕ ತೆಗೆದಿಟ್ಟರು.

"ಗಲತಿ ಆಗ್ಯಾದ ಖರೆ, ಆದ್ರ ಚಲೋದಕ್ಕ ಆಗ್ಯಾದ," ಎಂದರು. "ಪಟ್ಟಿಯೊಳಗ ನಿಮ್ಮ ಹೆಸರ ಮ್ಯಾಲೆ ಅದ ತಾಯಿ. ಮಳಿಗಾಲಕ್ಕ ಮೊದಲ ಜಾಗಾ ಸಿಗ್ತದ. ತಿದ್ದಿದ್ರ ಅರ್ಜಿ ಅಪೂರ್ಣ ಅಂತ ಬಾಜೂಕ ಹೋಗ್ತದ. ಮನಿ ಬೀಳಾಕತ್ತದ ಅಂತೀರಿ. ಹಂಗೇ ಇರ್ಲಿ ಬಿಡ್ರಲ್ಲ. ಬರೇ ಒಂದ ಶಬ್ದ."

ಸಣ್ಣವ್ವ ಸೆರಗು ಬಿಗಿ ಮಾಡಿಕೊಂಡಳು. "ಸಾಹೇಬ್ರ, ಆ ಶಬ್ದಕ್ಕ ನಿನ್ನಿ ನನ್ನ ಬಳಿ ಒಡ್ಯಾಕ ಬಂದಿದ್ರು," ಎಂದಳು. "ತಗೀರಿ. ಜಾಗಾ ಸಿಗಲಿಲ್ಲ ಅಂದ್ರ ಇನ್ನೊಂದ ಗ್ವಾಡಿಗೂ ಚೀಲಾ ಕಟ್ತೀನಿ."

ಅವಳು ಹೇಳಿಬಿಟ್ಟಳು. ಆದರೆ ಉಳಿದ ಗೋಡೆಗಳು ಎಷ್ಟು ಒದ್ದೆ ಎಂದು ನಾನು ಕೈ ಮುಟ್ಟಿ ನೋಡಿದ್ದೆ. ಈ ಮಳೆಗಾಲ ಅವು ನಿಲ್ಲುವುದಿಲ್ಲ ಎಂಬುದು ನನಗೂ ಗೊತ್ತಿತ್ತು, ಅವಳಿಗೂ.

ಆ ವಾರ ನಾನು ಯಾದಗಿರಿಯ ಅಂಗಡಿಗೆ ಹೋಗಿ, ಆ ನಿಯಮಗಳನ್ನು ಬರೆಯುವವರಿಗೇ ಒಂದು ಪತ್ರ ಕಳಿಸಿದೆ. ಯಾರು ಬೇಕಾದರೂ ಪ್ರಶ್ನೆ ಕೇಳಬಹುದು ಎಂದು ಅವರು ಒಂದು ವಿಳಾಸ ಕೊಟ್ಟಿದ್ದರು. ನನ್ನ ಹರಕು ಇಂಗ್ಲಿಷಿನಲ್ಲಿ ಕೇಳಿದೆ: ಯಾರೂ ಒತ್ತದಿದ್ದರೆ ಸುತ್ತುಗಳು ಖಾಲಿ ಇರಬೇಕೋ, ಮೊದಲಿನದು ತಾನೇ ತುಂಬಿಕೊಳ್ಳಬೇಕೋ? ಸಣ್ಣವ್ವನ ಕಥೆಯನ್ನೂ ಬರೆದಿದ್ದೆ, ಆಮೇಲೆ ನಾಚಿಕೆಯಾಗಿ ಅರ್ಧ ಅಳಿಸಿದೆ. ಮುಂದಿನ ವಾರ ಹೋದಾಗ ಉತ್ತರ ಬಂದಿತ್ತು. ಮೊದಲಿನದು ತಾನೇ ತುಂಬಿಕೊಳ್ಳಲಿ ಎಂದು ಹಳೆಯ ನಿಯಮ ಹೇಳುತ್ತದೆ, ಹೊಸದು ಬಾಯಿ ಮುಚ್ಚಿಕೊಂಡಿದೆ. ಎರಡು ಬ್ರೌಸರುಗಳೂ ತಮ್ಮ ತಮ್ಮ ಮಟ್ಟಿಗೆ ಸರಿ. ಇದನ್ನು ಸ್ಪಷ್ಟಪಡಿಸಬೇಕು, ಪಡಿಸುತ್ತೇವೆ. ಅಲ್ಲಿಯವರೆಗೆ ಯಾವುದನ್ನೂ ನಂಬಬೇಡಿ, ಏನೂ ಆರಿಸದೆ ಇರುವುದಕ್ಕೂ ಒಂದು ಸುತ್ತು ಇಟ್ಟು, ಅದನ್ನೇ ಮೊದಲು ಒತ್ತಿಡಿ. ಬರೆದವರು ಯಾವ ಊರಿನವರೋ, ಗಂಡೋ ಹೆಣ್ಣೋ, ನನಗೆ ಗೊತ್ತಿಲ್ಲ. ನನ್ನ ಸಣ್ಣವ್ವನ ಬಗ್ಗೆ ಕಡೆಯಲ್ಲಿ ಒಂದೇ ಸಾಲು ಇತ್ತು: ಆಕೆಯ ಮನೆ ನಿಲ್ಲಲಿ. ನಾನು ಬಸ್ಸಿನಲ್ಲಿ ದಾರಿಯುದ್ದಕ್ಕೂ ಆ ಕಾಗದ ಮಡಿಚಿ ಬಿಚ್ಚಿ ಮಾಡಿದೆ. ಭೀಮಾ ಸೇತುವೆ ಯಾವಾಗ ದಾಟಿತೋ ತಿಳಿಯಲಿಲ್ಲ.

ನಾಲ್ಕನೆಯ ಸುತ್ತು ಇಡುವುದು ಸುಲಭ. ಅದರ ಮುಂದೆ ಏನು ಬರೆಯುವುದು? ಗೊತ್ತಿಲ್ಲ ಎಂದರೆ ಸಾಹೇಬರು ಅಪೂರ್ಣ ಎನ್ನುತ್ತಾರೆ. ಕಾಯುತ್ತಿದ್ದಾಳೆ ಎಂದು ಯಾವ ಸರಕಾರಿ ಕಾಗದದಲ್ಲಿ ಬರೆಯಲಾದೀತು? ಸಣ್ಣವ್ವನ ಮೂಲ ಅರ್ಜಿ ತೆಗೆದು ಮತ್ತೆ ನೋಡಿದೆ. ನಾನೇ ಎಳೆದ ಮೂರು ಗೀಟು, ಕೆಳಗೆ ಆ ಸಣ್ಣ ಅಕ್ಷರದ ಸಾಲು. ಉತ್ತರ ಅಲ್ಲೇ ಅಚ್ಚಾಗಿತ್ತು. ಅದನ್ನು ತೆಗೆದುಕೊಂಡು ಹೋಗಿ ಸಾಹೇಬರ ಮುಂದೆ ಇಟ್ಟೆ.

"ಅನ್ವಯಿಸದೆ ಇರೂದನ್ನ ಹೊಡೆದು ಹಾಕಿ ಅಂತ ನಿಮ್ಮ ಕಾಗದನ ಹೇಳ್ತದ್ರಿ. ಒಂದರ ಉಳೀಬೇಕು ಅಂತ ಎಲ್ಲಿ ಅದ ತೋರಸ್ರಿ," ಎಂದೆ. ನನ್ನ ದನಿ ಏರಿತ್ತು. "ಆಕಿ ಕಾಗದ ಹೇಳಿದಂಗ ಮಾಡ್ಯಾಳ. ಅರ್ಜಿ ಅಪೂರ್ಣ ಅಲ್ರಿ, ಪೂರ್ತಿ ಅದ."

ಸಾಹೇಬರು ಕನ್ನಡಕ ಹಾಕಿಕೊಂಡು ಓದಿದರು. ಕಾಗದ ತಿರುಗಿಸಿ ಬೆನ್ನು ನೋಡಿದರು, ಮತ್ತೆ ಓದಿದರು. ಬೀರುವಿನಿಂದ ಮೂಲ ಆದೇಶ ತೆಗೆಸಿ ಅದನ್ನೂ ಓದಿದರು. ಒಂದು ಉಳಿಯಲೇಬೇಕು ಎಂದು ಎಲ್ಲಿಯೂ ಇರಲಿಲ್ಲ. ಮೂರನ್ನೂ ಹೊಡೆದವರು ಗಂಡನ ಸಹಿ ತರಬೇಕು ಎಂದೂ ಇರಲಿಲ್ಲ. ಕಾಗದದ ಮೇಲೆ ಇಲ್ಲದ್ದನ್ನು ಮಾಡದ ಮನುಷ್ಯ, ಕಾಗದದ ಮೇಲೆ ಇಲ್ಲದ ಕಾರಣಕ್ಕೆ ತಿರಸ್ಕರಿಸಲೂ ಆರದೆ ಹೋದರು. "ನೀ ವಕೀಲಕಿ ಓದಬೇಕಿತ್ತು," ಎಂದು ಗೊಣಗಿ ಸಹಿ ಹಾಕಿದರು.

ನಾಲ್ಕನೆಯ ಸುತ್ತಿನ ಮುಂದೆ ನಾನು ಬರೆದೆ: ಮೂರನ್ನೂ ಹೊಡೆದಿದೆ. ಅದನ್ನು ಮೊದಲೇ ಒತ್ತಿಟ್ಟೆ, ಅಚ್ಚಾಗುವ ಕಾಗದದಲ್ಲಿ ಅದರ ಜಾಗಕ್ಕೆ ಬರೇ ಒಂದು ಗೀಟು ಬರುವಂತೆ ಮಾಡಿದೆ. ಗುಮಾಸ್ತರ ಹಳೆಯ ಕಂಪ್ಯೂಟರಿನಲ್ಲಿ ಹತ್ತು ಸಲ ತೆರೆದು ನೋಡಿದೆ. ಹೊಸ ಪಟ್ಟಿ ಹೋಯಿತು, ಸಣ್ಣವ್ವನ ಹೆಸರು ತುಸು ಕೆಳಗೆ ಇಳಿದಿತ್ತು, ಆದರೆ ಇತ್ತು. ಆ ಮಳೆಗಾಲ ಅವಳು ನಮ್ಮ ಮನೆಯಲ್ಲಿ ಕಳೆದಳು. ಅವಳ ಮನೆ ಶ್ರಾವಣದಲ್ಲಿ ಬಿತ್ತು.

ದೀಪಾವಳಿ ಕಳೆದ ಮೇಲೆ ಸುರಪುರದಲ್ಲಿ ಹಕ್ಕುಪತ್ರ ಹಂಚಿದರು. ಒಬ್ಬೊಬ್ಬರ ಕಾಗದವನ್ನೂ ಗಟ್ಟಿಯಾಗಿ ಓದಿ ಕೊಡುತ್ತಿದ್ದರು. ಸಣ್ಣವ್ವ ನನ್ನ ಪಕ್ಕ ನಿಂತು ನನ್ನ ಮೊಣಕೈ ಹಿಡಿದಿದ್ದಳು. ಅವಳ ಹೆಸರು, ಊರು, ಓಣಿ ಓದಿದರು. ಆ ಖಾನೆಗೆ ಬಂದಾಗ ಓದುವವರು ಒಂದು ಗಳಿಗೆ ನಿಂತರು. ಅಲ್ಲಿ ಒಂದು ಗೀಟು ಮಾತ್ರ ಇತ್ತು. ಏನನ್ನೂ ಓದದೆ ಮುಂದಿನ ಸಾಲಿಗೆ ಹೋದರು. ಅವಳ ಉಗುರು ನನ್ನ ಮೊಣಕೈಯಿಂದ ಸಡಿಲವಾಯಿತು.

"ಅಲ್ಲಿ ನಿಂತ್ರಲ್ಲ," ಎಂದಳು ಹೊರಗೆ ಬಂದ ಮೇಲೆ, "ಅಷ್ಟ ಸಾಕು ನನಗ."

ದಿನ್ನೆಯ ಮೇಲೆ ಎರಡು ಅಂಕಣದ ಮನೆ ಕಟ್ಟಿಸಿಕೊಂಡಳು. ಗೋಡೆಗಳು ಒಣಗಿದ್ದವು. ಮೊದಲ ತಿಂಗಳು ನಿದ್ದೆ ಬರುವುದಿಲ್ಲ, ಕೆಳಗೆ ನೀರಿನ ಸದ್ದಿಲ್ಲ ಎಂದು ದೂರಿದಳು. ಬಾಗಿಲನ್ನು ಕಾಲುವೆಯ ಕಡೆಗೆ ಇಡಿಸಿದ್ದಳು. ಏರಿಯ ಮೇಲೆ ಯಾರು ನಡೆದು ಬಂದರೂ ಅಲ್ಲಿಂದ ಕಾಣುತ್ತಿತ್ತು. ಪ್ರತಿ ವರ್ಷ ಸಂತೆಗೆ ಹೋಗಿ ಒಂದೆರಡು ಬಳೆ ತಾನೇ ಇಟ್ಟುಕೊಂಡು ಬರುತ್ತಿದ್ದಳು, ಒಡೆದವುಗಳ ಬದಲಿಗೆ. ಮುತ್ತೈದೆಯರ ಉಡಿ ತುಂಬುವಾಗ ಅವಳನ್ನು ಕರೆಯಬೇಕೋ ಬೇಡವೋ ಎಂದು ಓಣಿಯವರಿಗೆ ಪ್ರತಿ ಸಲವೂ ಗೊಂದಲ. ಅವಳು ಎಲೆ ಅಡಿಕೆ ತೆಗೆದುಕೊಂಡು, ಉಡಿ ತುಂಬಿಸಿಕೊಳ್ಳದೆ ನಗುತ್ತ ಎದ್ದು ಬರುತ್ತಿದ್ದಳು. ಆ ಹೊತ್ತಿಗೆ ದೂರದ ಆ ಜನ ನಿಯಮವನ್ನು ಸ್ಪಷ್ಟಪಡಿಸಿ ಬರೆದರು. ಯಾರೂ ಆರಿಸದಿದ್ದರೆ ಎಲ್ಲ ಸುತ್ತುಗಳೂ ಖಾಲಿಯೇ ಇರುತ್ತವೆ, ಯಾರಾದರೂ ಒತ್ತುವವರೆಗೆ. ನಾನು ಅದನ್ನು ಅವಳಿಗೆ ಓದಿ ಹೇಳಿದೆ. "ಈಗ ತಿಳೀತಂತೇನ ಅವರಿಗೆ?" ಎಂದಳು.

ಅವಳು ತೀರಿಕೊಂಡದ್ದು ಒಂದು ಬೆಳಿಗ್ಗೆ, ಬಾಗಿಲಲ್ಲಿ ಕೂತಲ್ಲೇ. ಮುಖ ಕಾಲುವೆಯ ಕಡೆಗಿತ್ತು. ನಾವು ಹೋಗುವಷ್ಟರಲ್ಲಿ ಓಣಿಯ ಹೆಂಗಸರು ಸೇರಿದ್ದರು. ಆಯಿ ಇನ್ನೂ ಇದ್ದಳು. ಸೊಂಟ ಪೂರ್ತಿ ಬಾಗಿತ್ತು, ಕೋಲು ಹಿಡಿದು ಬಂದಿದ್ದಳು. ಮೈ ತೊಳೆಯಲು ನೀರು ಕಾಸಿದ್ದರು. ಎಲ್ಲ ಸಿದ್ಧವಾಗಿತ್ತು, ಆದರೆ ಯಾರೂ ಕೈ ಹಚ್ಚುತ್ತಿರಲಿಲ್ಲ. ಮುತ್ತೈದೆಯಾದರೆ ಹಸಿರು ಬಳೆ ಇಡಿಸಿ, ಕುಂಕುಮ ತುಂಬಿ, ಹೂವು ಮುಡಿಸಿ ಕಳಿಸಬೇಕು. ಅಲ್ಲದಿದ್ದರೆ ಇದ್ದದ್ದನ್ನೂ ತೆಗೆಯಬೇಕು. ಒಂದು ಬುಟ್ಟಿಯಲ್ಲಿ ಹೊಸ ಬಳೆ ತಂದಿಟ್ಟಿದ್ದರು, ಅದರ ಪಕ್ಕದಲ್ಲೇ ಒಡೆಯುವ ಗುಂಡುಕಲ್ಲು.

ಅವ್ವ ಅಳುತ್ತ ಮೂಲೆಯಲ್ಲಿ ಕುಸಿದಿದ್ದಳು. ಆಯಿ ನನ್ನ ಕಡೆ ತಿರುಗಿದಳು.

"ಏನ ಮಾಡೂದವಾ?" ಎಂದಳು. "ಇಡಸೂದೊ, ಒಡೆಯೂದೊ? ಬರದಾಕಿ ನೀ. ನೀನ ಹೇಳು."

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಸಣ್ಣವ್ವನ ಕೈ ಚಾಪೆಯ ಮೇಲೆ ಇತ್ತು. ಬಳೆಗಳು ಬೇರೆ ಬೇರೆ ವರ್ಷದವು, ಕೆಲವು ಹಸಿರು, ಕೆಲವು ಬಣ್ಣ ಹೋದವು. ಹಣೆಯಲ್ಲಿ ಬೆಳಿಗ್ಗೆ ಅವಳೇ ಹಚ್ಚಿಕೊಂಡ ಕುಂಕುಮ, ಒಂದು ಬದಿಗೆ ತುಸು ಸರಿದಿತ್ತು.

"ಯಾವುದನ್ನೂ ಮುಟ್ಟಬ್ಯಾಡ್ರಿ ಆಯಿ," ಎಂದೆ. "ಹೊಸಾದು ಇಡಸಬ್ಯಾಡ್ರಿ, ಹಳೇದು ತಗೀಬ್ಯಾಡ್ರಿ. ಹೆಂಗ ಇದ್ಳೊ ಹಂಗೇ ಇರ್ಲಿ."

ಯಾರೋ ಅದೆಂಥ ಪದ್ಧತಿ ಎಂದು ಬಾಯಿ ತೆರೆದರು. ಆಯಿ ಕೋಲಿನಿಂದ ಬುಟ್ಟಿಯನ್ನೂ ಕಲ್ಲನ್ನೂ ಗೋಡೆಯ ಕಡೆಗೆ ಸರಿಸಿದಳು. ಕಷ್ಟಪಟ್ಟು ನೆಲಕ್ಕೆ ಕೂತಳು. ಹಣೆಗೆ ನೀರು ಸೋಕದಂತೆ ಒಂದು ಅಂಗೈ ಅಡ್ಡ ಹಿಡಿದು ಕೆನ್ನೆ, ಕೊರಳು ತೊಳೆದಳು. ಆಮೇಲೆ ಸಣ್ಣವ್ವನ ಕೈಯನ್ನು ತನ್ನ ತೊಡೆಯ ಮೇಲೆ ಎತ್ತಿಟ್ಟುಕೊಂಡು, ಒಂದೊಂದೇ ಬಳೆ ಮೇಲಕ್ಕೆ ಸರಿಸಿ, ಕೆಳಗಿನ ಚರ್ಮ ತೊಳೆದು, ಬಳೆಯನ್ನು ಮತ್ತೆ ಇದ್ದಲ್ಲಿಗೇ ತಂದು ಬಿಟ್ಟಳು.